ವೀಲುನಾಮೆ: ಪತ್ರ ಬರಹಗಾರರ ಬಳಿಗೋ, ಇಂಟರ್‌ನೆಟ್ ನಮೂನೆಯೋ?

ವೀಲುನಾಮೆ ಮಾಡಲು ಪತ್ರ ಬರಹಗಾರರ ಬಳಿ ಹೋಗಬೇಕೇ ಅಥವಾ ಇಂಟರ್‌ನೆಟ್‌ನಲ್ಲಿ ಸಿಗುವ ನಮೂನೆಯನ್ನು ತುಂಬಿಸಿ ಸಹಿ ಹಾಕಿದರೆ ಸಾಕೇ ಎಂಬ ಪ್ರಶ್ನೆ ಇತ್ತೀಚೆಗೆ ನಮ್ಮ ಕುಟುಂಬಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿದೆ. ಮಕ್ಕಳು ದುಬಾಯಿ, ಕುವೈಟ್, ಮುಂಬಯಿಯಲ್ಲಿ, ಹೆತ್ತವರು ಊರಿನ ಮನೆಯಲ್ಲಿ. ರಜೆಗೆ ಬಂದ ಮಗ ಲ್ಯಾಪ್‌ಟಾಪ್ ತೆರೆದು ಹತ್ತು ನಿಮಿಷದಲ್ಲಿ ಒಂದು ನಮೂನೆ ಹುಡುಕಿ ಕೊಡುತ್ತಾನೆ. ಪತ್ರ ಬರಹಗಾರರ ಬಳಿ ಹೋದರೆ ಶುಲ್ಕ ಕೊಡಬೇಕು, ಕಾಯಬೇಕು, ಊರವರಿಗೂ ಸುದ್ದಿ ತಿಳಿಯುತ್ತದೆ. ಕೆಲವರು ಈ ಪ್ರಶ್ನೆಯನ್ನು ಧರ್ಮಕೇಂದ್ರದ ಕಚೇರಿಗೆ, ವಾಳೆಯ ಗುರಿಕಾರರ ಮನೆಗೆ ಕೊಂಡುಹೋಗುವುದೂ ಉಂಟು. ಆದುದರಿಂದ ಈ ಬಗ್ಗೆ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಮೊದಲು ಒಂದು ಮಾತು. ವೀಲುನಾಮೆಗೆ ಕಾನೂನು ಕೇಳುವುದು ಬಹಳ ಕಡಿಮೆ. ಛಾಪಾ ಕಾಗದ ಬೇಕಾಗಿಲ್ಲ. ನೋಂದಣಿ ಕಡ್ಡಾಯವಲ್ಲ. ಭಾರತೀಯ ಉತ್ತರಾಧಿಕಾರ ಕಾಯಿದೆ, 1925 ರ 74 ನೇ ಕಲಮಿನ ಪ್ರಕಾರ ಪಾರಿಭಾಷಿಕ ಪದಗಳೂ ಬೇಕಿಲ್ಲ; ಬರೆದವರ ಉದ್ದೇಶ ತಿಳಿಯುವಂತಿದ್ದರೆ ಸಾಕು. ಆದರೆ 63 ನೇ ಕಲಂ ಹೇಳುವ ಕ್ರಮವನ್ನು ಮಾತ್ರ ತಪ್ಪದೆ ಪಾಲಿಸಬೇಕು. ವೀಲು ಮಾಡುವವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು ಅಥವಾ 'ಇದು ನನ್ನ ಸಹಿ' ಎಂದು ವೀಲು ಮಾಡಿದವರ ಬಾಯಿಂದ ಕೇಳಿರಬೇಕು. ಆ ಸಾಕ್ಷಿಗಳು ವೀಲು ಮಾಡಿದವರ ಎದುರಿನಲ್ಲೇ ಸಹಿ ಹಾಕಬೇಕು. ಇಷ್ಟು ಸರಿಯಾಗಿದ್ದರೆ ನೋಟು ಪುಸ್ತಕದ ಹಾಳೆಯಲ್ಲಿ ಕೈಯಿಂದ ಬರೆದ ಕನ್ನಡದ ಅಥವಾ ಕೊಂಕಣಿಯ ವೀಲುನಾಮೆಯೂ ಸಿಂಧು.

ಹಾಗಿದ್ದರೆ ನಮೂನೆಯಲ್ಲಿ ತೊಂದರೆ ಏನು? ಆ ನಮೂನೆ ಯಾರಿಗಾಗಿ ಬರೆದದ್ದು ಎಂದು ಯಾರೂ ನೋಡುವುದಿಲ್ಲ ಎಂಬುದೇ ತೊಂದರೆ.

ಬೇರೆಯವರ ಅಳತೆಯ ಅಂಗಿ

ಭಾರತದಲ್ಲಿ ಸಿಗುವ ನಮೂನೆಗಳಲ್ಲಿ ಹೆಚ್ಚಿನವು ಹಿಂದೂ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಅವುಗಳಲ್ಲಿ 'ನನ್ನ ಸ್ವಯಾರ್ಜಿತ ಆಸ್ತಿಯನ್ನು ಈ ಕೆಳಗಿನಂತೆ ಹಂಚುತ್ತೇನೆ' ಎಂಬ ಸಾಲು ಇರುತ್ತದೆ. ಅವರಿಗೆ ಅದು ಅಗತ್ಯ. ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬರುವ ಪದ್ಧತಿ ಅವರಲ್ಲಿ ಇದೆ. ಕ್ರೈಸ್ತರಲ್ಲಿ ಆ ಪದ್ಧತಿಯಿಲ್ಲ. ತಂದೆಯಿಂದ ನಮ್ಮ ಪಾಲಿಗೆ ಬಂದ ಜಾಗವೂ ನಾವು ದುಡಿದು ಕೊಂಡ ಜಾಗದಂತೆಯೇ ಪೂರ್ಣವಾಗಿ ನಮ್ಮದು. ಅದನ್ನು ವೀಲಿನ ಮೂಲಕ ಯಾರಿಗೆ ಬೇಕಾದರೂ ಕೊಡಬಹುದು.

ಈಗ ಈ ಸಾಲನ್ನು ನಮ್ಮವರೊಬ್ಬರು ಹಾಗೆಯೇ ನಕಲು ಮಾಡಿದರು ಎಂದುಕೊಳ್ಳಿ. ಅವರಿಗಿರುವುದು ತಂದೆಯಿಂದ ಬಂದ ಒಂದು ಎಕರೆ ತೋಟ ಮತ್ತು ಗಲ್ಫಿನ ದುಡಿಮೆಯಲ್ಲಿ ಕಟ್ಟಿದ ಮನೆ. ವೀಲಿನಲ್ಲಿ 'ಸ್ವಯಾರ್ಜಿತ ಆಸ್ತಿ' ಎಂದಷ್ಟೇ ಇದೆ. ಮನೆ ವೀಲಿನ ಪ್ರಕಾರ ಹೋಗುತ್ತದೆ. ತೋಟ ವೀಲಿನಿಂದ ಹೊರಗೆ ಉಳಿಯಿತೆಂದು ಯಾರಾದರೂ ವಾದಿಸಬಹುದು. ಹಾಗಾದಲ್ಲಿ ಅದು ವೀಲು ಇಲ್ಲದ ಆಸ್ತಿಯಂತೆ ಕಾನೂನು ಪ್ರಕಾರ ಹಂಚಿಕೆಯಾಗಬೇಕು. ಅವರ ಮನಸ್ಸಿನಲ್ಲಿದ್ದದ್ದು ಮನೆ, ತೋಟ ಎರಡೂ ಹೆಂಡತಿಗೆ ಇರಲಿ ಎಂದು. ಒಂದೇ ಪದದಿಂದ ಅಣ್ಣತಮ್ಮಂದಿರು ಹತ್ತು ವರ್ಷ ಕೋರ್ಟಿಗೆ ಅಲೆಯಬೇಕಾಗುತ್ತದೆ.

ವೀಲು ಇಲ್ಲದಿದ್ದರೆ ಕಾನೂನು ಹೇಗೆ ಹಂಚುತ್ತದೆ ಎಂಬುದೂ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಕ್ರೈಸ್ತ ಪುರುಷನು ಹೆಂಡತಿ ಮಕ್ಕಳನ್ನು ಬಿಟ್ಟು ತೀರಿಹೋದರೆ ಹೆಂಡತಿಗೆ ಮೂರನೇ ಒಂದು ಪಾಲು. ಉಳಿದ ಮೂರನೇ ಎರಡು ಪಾಲು ಎಲ್ಲ ಮಕ್ಕಳಿಗೆ ಸಮನಾಗಿ. ಮಗ, ಮದುವೆಯಾದ ಮಗಳು, ಮದುವೆಯಾಗದ ಮಗಳು, ಧರ್ಮಭಗಿನಿಯಾದ ಮಗಳು ಎಂಬ ಭೇದವಿಲ್ಲ. ಮಕ್ಕಳಿಲ್ಲದಿದ್ದರೆ ಹೆಂಡತಿಗೆ ಅರ್ಧ, ಇನ್ನರ್ಧ ಗಂಡನ ಕಡೆಯವರಿಗೆ. ಹೆಂಡತಿ ತೀರಿಕೊಂಡು ಗಂಡ ಉಳಿದರೂ ಇದೇ ಲೆಕ್ಕ. ಇದರಲ್ಲಿ ಕಣ್ಣಿಗೆ ಬೀಳದ ಒಂದು ವಿಷಯವಿದೆ: ಮಕ್ಕಳಿರುವ ಮಗನು ಸತ್ತರೆ ಅವನ ತಾಯಿಗೆ ಈ ಕಾಯಿದೆಯಲ್ಲಿ ಏನೂ ಪಾಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ತಾಯಿಯು ಮೊದಲ ವರ್ಗದ ವಾರಸುದಾರಳು, ನಮ್ಮಲ್ಲಿ ಅಲ್ಲ. ಮಗ ದುಡಿದು ಕಳುಹಿಸಿದ ಹಣದಿಂದ ಕಟ್ಟಿದ ಮನೆಯಲ್ಲಿ ವಾಸಿಸುವ ವಿಧವೆ ತಾಯಂದಿರು ನಮ್ಮ ಪ್ರತಿ ವಾಳೆಯಲ್ಲೂ ಇದ್ದಾರೆ. ಅವರ ಹೆಸರನ್ನು ಮಗ ವೀಲಿನಲ್ಲಿ ಬರೆಯದಿದ್ದರೆ ಆ ಮನೆಯ ಮೇಲೆ ಅವರಿಗೆ ವಾರಸಿನ ಹಕ್ಕಿಲ್ಲ. ಯಾವ ನಮೂನೆಯೂ 'ನಿಮ್ಮ ತಾಯಿ ಎಲ್ಲಿದ್ದಾರೆ?' ಎಂದು ಕೇಳುವುದಿಲ್ಲ.

ಇನ್ನೊಂದು ವ್ಯತ್ಯಾಸ ಮದುವೆಗೆ ಸಂಬಂಧಿಸಿದ್ದು. ಕ್ರೈಸ್ತರು ವೀಲು ಮಾಡಿದ ನಂತರ ಮದುವೆಯಾದರೆ ಆ ವೀಲು ತಾನಾಗಿಯೇ ರದ್ದಾಗುತ್ತದೆ (ಕಲಂ 69). ಹಿಂದೂಗಳಿಗೆ ಈ ನಿಯಮ ಇಲ್ಲದಿರುವುದರಿಂದ ನಮೂನೆಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲ. ಹಡಗಿಗೆ ಹೋಗುವ ಮುನ್ನ ತಾಯಿಯ ಹೆಸರಿಗೆ ವೀಲು ಬರೆದಿಟ್ಟ ಯುವಕ, ಎರಡನೇ ಮದುವೆಯಾದ ವಿಧುರ, ಇಂಥವರು ಮದುವೆಯ ನಂತರ ಹೊಸದಾಗಿ ಬರೆಯಬೇಕು. ಹಾಗೆಯೇ 67 ನೇ ಕಲಂ: ವೀಲಿಗೆ ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ ಇಲ್ಲವೇ ಹೆಂಡತಿಗೆ ಅದೇ ವೀಲಿನಲ್ಲಿ ಬರೆದ ಪಾಲು ಸಿಗುವುದಿಲ್ಲ. ವೀಲು ಉಳಿಯುತ್ತದೆ, ಆ ಪಾಲು ಮಾತ್ರ ಹೋಗುತ್ತದೆ. ಮನೆಯಲ್ಲಿ ಕುಳಿತು ನಮೂನೆ ತುಂಬಿಸುವಾಗ ಸಾಕ್ಷಿಗೆ ಸಿಗುವುದು ಅಳಿಯ ಅಥವಾ ಸೊಸೆ. ಅಳಿಯ ಸಾಕ್ಷಿ ಹಾಕಿದ ತಕ್ಷಣ ಮಗಳ ಪಾಲು ಹೋಯಿತು.

ಅಮೆರಿಕದ ನಮೂನೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವು ಅಲ್ಲಿನ ರಾಜ್ಯಗಳ ಕಾನೂನಿಗೆ ಹೊಂದುವಂಥವು. ಅವುಗಳನ್ನು ನೋಡಿ ನೋಟರಿಯ ಮೊಹರು ಹಾಕಿಸಿ, ಇಬ್ಬರು ಸಾಕ್ಷಿಗಳನ್ನು ಬಿಟ್ಟುಬಿಟ್ಟರೆ ಇಲ್ಲಿ ಆ ಕಾಗದಕ್ಕೆ ಬೆಲೆಯಿಲ್ಲ. 'ಆನ್‌ಲೈನ್‌ನಲ್ಲೇ ಸಹಿ ಮಾಡಿ' ಎನ್ನುವ ಸೇವೆಗಳನ್ನೂ ನಂಬಬಾರದು. ಮಾಹಿತಿ ತಂತ್ರಜ್ಞಾನ ಕಾಯಿದೆ, 2000 ವೀಲುನಾಮೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕಾಗದ, ಶಾಯಿ, ಎದುರಿಗೆ ಕುಳಿತ ಇಬ್ಬರು ಸಾಕ್ಷಿಗಳು ಇರಲೇಬೇಕು.

ಬಹುತೇಕ ನಮೂನೆಗಳ ಮೊದಲ ವಾಕ್ಯ 'ಈ ಹಿಂದೆ ಮಾಡಿದ ಎಲ್ಲ ವೀಲುಗಳನ್ನು ರದ್ದುಪಡಿಸಿದ್ದೇನೆ' ಎಂದಿರುತ್ತದೆ. ದುಬಾಯಿಯಲ್ಲಿ ಅಲ್ಲಿನ ಆಸ್ತಿಗಾಗಿ ಬೇರೆ ವೀಲು ನೋಂದಾಯಿಸಿದವರು ಊರಿನ ಜಾಗಕ್ಕಾಗಿ ಈ ನಮೂನೆಗೆ ಸಹಿ ಹಾಕಿದರೆ ಅಲ್ಲಿಯದನ್ನೂ ತಾವೇ ಅಳಿಸಿದಂತಾಗಬಹುದು. ಯಾವ ದೇಶದ ಯಾವ ಆಸ್ತಿಯ ಬಗ್ಗೆ ಈ ವೀಲು ಎಂದು ಸ್ಪಷ್ಟವಾಗಿ ಬರೆಯಬೇಕು. ಕಾರವಾರದ ಕಡೆಯ ಕೆಲವು ಕುಟುಂಬಗಳಿಗೆ ಗೋವೆಯಲ್ಲೂ ಆಸ್ತಿಯಿದೆ. ಗೋವೆಯ ಕಾನೂನು ಪೋರ್ಚುಗೀಸರ ಕಾಲದಿಂದ ಬಂದ ಬೇರೆಯೇ ಕ್ರಮ. ಅಲ್ಲಿ ಮಕ್ಕಳಿರುವವರು ತಮ್ಮ ಆಸ್ತಿಯ ಅರ್ಧವನ್ನು ಮಾತ್ರ ಇಷ್ಟದಂತೆ ವೀಲು ಮಾಡಬಹುದು. ಅಂಥವರು ಗೋವೆಯ ವಕೀಲರನ್ನೇ ಕೇಳಬೇಕು.

ಪತ್ರ ಬರಹಗಾರರು ಏನು ಬಲ್ಲರು?

ಸಬ್ ರಿಜಿಸ್ಟ್ರಾರ್ ಕಚೇರಿಯ ಸುತ್ತಮುತ್ತ ಕುಳಿತಿರುವ ಎಲ್ಲರೂ ಪತ್ರ ಬರಹಗಾರರಲ್ಲ. ಕರ್ನಾಟಕದಲ್ಲಿ ಪತ್ರ ಬರಹಗಾರರಿಗೆ 1979 ರ ನಿಯಮಗಳ ಪ್ರಕಾರ ನೋಂದಣಿ ಇಲಾಖೆ ಪರವಾನಗಿ ಕೊಡುತ್ತದೆ. ತಾವು ಬರೆದ ಪತ್ರದ ಕೊನೆಯಲ್ಲಿ ಅವರ ಹೆಸರು, ಸಹಿ ಮತ್ತು ಪರವಾನಗಿ ಸಂಖ್ಯೆ ಇರಬೇಕು. ಅದನ್ನು ಹಾಕಲು ಹಿಂದೇಟು ಹಾಕುವವರಿದ್ದರೆ ಅವರು ದಲ್ಲಾಳಿಗಳೆಂದೇ ತಿಳಿಯಬೇಕು. ಕೊಟ್ಟ ಹಣಕ್ಕೆ ರಶೀದಿ ಕೇಳುವುದರಲ್ಲಿ ಸಂಕೋಚ ಬೇಡ.

ನಮ್ಮ ಜಿಲ್ಲೆಗಳ ಜಾಗದ ವಿಷಯದಲ್ಲಿ ಅನುಭವಿ ಪತ್ರ ಬರಹಗಾರರಿಗೆ ಇರುವ ತಿಳುವಳಿಕೆ ಯಾವ ನಮೂನೆಗೂ ಬರುವುದಿಲ್ಲ. ವರ್ಗ ಜಾಗ ಯಾವುದು, ಅದಕ್ಕೆ ತಾಗಿದ ಕುಮ್ಕಿ ಯಾವುದು ಎಂದು ಅವರು ಪಹಣಿ ನೋಡಿಯೇ ಹೇಳುತ್ತಾರೆ. ಕುಮ್ಕಿ ಅನುಭವದ ಸವಲತ್ತು; ಅದರ ಒಡೆತನ ಸರ್ಕಾರದ್ದು. 'ನನ್ನ ಮೂರು ಎಕರೆ ಜಾಗ' ಎಂದು ವೀಲಿನಲ್ಲಿ ಬರೆದು, ಅದರಲ್ಲಿ ಎರಡು ಎಕರೆ ಕುಮ್ಕಿಯಾಗಿದ್ದರೆ ಮಕ್ಕಳು ಯಾವ ಲೆಕ್ಕದಲ್ಲಿ ಹಂಚಿಕೊಳ್ಳಬೇಕು? ಒಂದು ಸರ್ವೆ ನಂಬರಿನ ಭಾಗವನ್ನು ಮಗಳಿಗೆ ದಾನಪತ್ರದಲ್ಲಿ ಕೊಡಬೇಕಾದರೆ 11ಇ ನಕ್ಷೆ ಬೇಕೆಂಬುದೂ, ಮನೆ ನಿವೇಶನಕ್ಕೆ ಪಂಚಾಯತಿನ 9/11 ಬೇಕೆಂಬುದೂ ಅವರಿಗೆ ದಿನನಿತ್ಯದ ವಿಷಯ.

ಹೆಸರಿನ ವಿಷಯ ಇನ್ನೂ ಮುಖ್ಯ. ನಮ್ಮ ಹಿರಿಯರಿಗೆ ಹೆಸರು ಒಂದಲ್ಲ. ಪಹಣಿಯಲ್ಲಿ ಬಾಸ್ತ್ಯಾಂವ್, ಆಧಾರಿನಲ್ಲಿ ಸೆಬಾಸ್ಟಿಯನ್, ಧರ್ಮಕೇಂದ್ರದ ದೀಕ್ಷಾಸ್ನಾನದ ದಾಖಲೆಯಲ್ಲಿ ಮತ್ತೊಂದು. ಸೋಜ, ಡಿಸೋಜ, ಡಿ'ಸೋಜಾ ಎಂದು ಮೂರು ಬಗೆ. ಪತ್ರ ಬರಹಗಾರರು ಇವನ್ನೆಲ್ಲ 'ಯಾನೆ' ಎಂದು ಸೇರಿಸಿ ಒಂದೇ ವ್ಯಕ್ತಿಗೆ ಕಟ್ಟುತ್ತಾರೆ. ನಮೂನೆಯಲ್ಲಿ ಒಂದು ಹೆಸರಿಗೆ ಮಾತ್ರ ಜಾಗವಿರುತ್ತದೆ. ಧರ್ಮಕೇಂದ್ರದ ಕಚೇರಿಯವರು ದೀಕ್ಷಾಸ್ನಾನ ಮತ್ತು ವಿವಾಹದ ದೃಢಪತ್ರಗಳನ್ನು ಸಕಾಲದಲ್ಲಿ ಕೊಟ್ಟು ಈ ವಿಷಯದಲ್ಲಿ ದೊಡ್ಡ ಸಹಾಯ ಮಾಡಬಲ್ಲರು.

ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ ಮೂಲಕ ಸಿಕ್ಕಿದ ಜಾಗ ನಮ್ಮ ಅನೇಕ ಕುಟುಂಬಗಳಲ್ಲಿದೆ. ಮಂಡಳಿಯ ಮುಂದೆ ಅರ್ಜಿ ಹಾಕಿದ್ದು ಹಿರಿಯಣ್ಣ. ಆದೇಶವಾದದ್ದೂ ಅವರ ಹೆಸರಿಗೆ. ಆದರೆ ಗೇಣಿ ಇದ್ದದ್ದು ತಂದೆಯ ಕಾಲದಿಂದ. ಹಿರಿಯಣ್ಣ ಆ ಜಾಗ ಪೂರ್ತಿ ತನ್ನದೆಂದು ವೀಲು ಬರೆದಾಗ ತಮ್ಮಂದಿರು, ತಂಗಿಯರು ಕೋರ್ಟಿಗೆ ಹೋಗುತ್ತಾರೆ. ಇಂಥ ಜಾಗದ ವಿಷಯ ನಮೂನೆಯಿಂದಲೂ ಆಗದು, ಪತ್ರ ಬರಹಗಾರರಿಂದಲೂ ಆಗದು. ಹಳೆಯ ಆದೇಶದ ಪ್ರತಿಯೊಂದಿಗೆ ವಕೀಲರ ಬಳಿ ಹೋಗಬೇಕು.

ಪತ್ರ ಬರಹಗಾರರ ಮಿತಿಯನ್ನೂ ಹೇಳಬೇಕು. ಅವರು ವಕೀಲರಲ್ಲ. ಕಾನೂನು ಸಲಹೆ ಕೊಡುವುದು, ಕೋರ್ಟಿನಲ್ಲಿ ನಿಮ್ಮ ಪರವಾಗಿ ನಿಲ್ಲುವುದು ಅವರ ಕೆಲಸವಲ್ಲ. ಅವರ ಕಂಪ್ಯೂಟರಿನಲ್ಲೂ ಒಂದು ನಮೂನೆಯಿದೆ. ಹಿಂದಿನ ದಿನ ಬೇರೊಬ್ಬರಿಗೆ ಬರೆದ ವೀಲಿನ ಮೇಲೆಯೇ ನಿಮ್ಮ ಹೆಸರು ಕೂರಿಸಿ ಕೊಡುವವರೂ ಇದ್ದಾರೆ. ಆಗ 'ಸ್ವಯಾರ್ಜಿತ' ಎಂಬ ಅದೇ ಪದ ಅಲ್ಲಿಯೂ ಬರುತ್ತದೆ. 'ನಾವು ಕ್ರೈಸ್ತರು, 1925 ರ ಕಾಯಿದೆ ನಮಗೆ ಅನ್ವಯ' ಎಂದು ಮೊದಲೇ ತಿಳಿಸಿ, ಕರಡನ್ನು ಮನೆಗೆ ತಂದು ಓದಿ, ಓದಲು ಬಾರದವರಿಗೆ ಓದಿ ಹೇಳಿ ಆಮೇಲೆ ಸಹಿ ಹಾಕಿಸುವುದು ಉತ್ತಮ.

ಮತ್ತೊಂದು ಸಂಗತಿಯನ್ನು ಮಕ್ಕಳು ಗಮನಿಸಬೇಕು. ಆಸ್ತಿ ಪಡೆಯುವ ಮಗನೇ ತಂದೆಯನ್ನು ಕರೆದುಕೊಂಡು ಹೋಗಿ, ತಾನೇ ಹೇಳಿ ಬರೆಸಿ, ತಾನೇ ಸಾಕ್ಷಿಗಳನ್ನು ತಂದರೆ ಮುಂದೆ ಆ ವೀಲಿನ ಮೇಲೆ ಸಂಶಯ ಬರುತ್ತದೆ. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1958 ರಲ್ಲಿ ಹೇಳಿದ ಈ ತತ್ವ ಇಂದಿಗೂ ನಡೆಯುತ್ತಿದೆ: ಇಂಥ ಸಂಶಯವನ್ನು ದೂರ ಮಾಡುವ ಹೊಣೆ ವೀಲನ್ನು ಮುಂದಿಡುವವರದ್ದು. ಮನೆಯಲ್ಲಿ ಮಗನ ಲ್ಯಾಪ್‌ಟಾಪಿನಲ್ಲಿ ತಯಾರಾದ ವೀಲಿಗೆ ಈ ಸಂಶಯ ಇನ್ನೂ ಹೆಚ್ಚು. ತಂದೆ ಒಬ್ಬರೇ ಹತ್ತು ನಿಮಿಷ ಪತ್ರ ಬರಹಗಾರರ ಅಥವಾ ವಕೀಲರ ಜೊತೆ ಮಾತನಾಡುವಂತೆ ಬಿಟ್ಟು ಮಗ ಹೊರಗೆ ಕುಳಿತಿರುವುದು ಮಗನಿಗೇ ಒಳ್ಳೆಯದು.

ದಾನಪತ್ರ ಬೇರೆ, ವೀಲು ಬೇರೆ

'ವೀಲು ಯಾಕೆ, ಈಗಲೇ ಬರೆದು ಕೊಡಿ' ಎಂದು ಮಕ್ಕಳು ಹೇಳುವುದುಂಟು. ವೀಲನ್ನು ಬದುಕಿರುವ ತನಕ ಬದಲಾಯಿಸಬಹುದು. ದಾನಪತ್ರ ನೋಂದಣಿಯಾದ ದಿನವೇ ಮನೆ ಮಗನದ್ದಾಗುತ್ತದೆ. ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಇಂಟರ್‌ನೆಟ್ಟಿನ ದಾನಪತ್ರದ ನಮೂನೆಗಳಲ್ಲಿ 'ಯಾವುದೇ ಷರತ್ತಿಲ್ಲದೆ, ಪೂರ್ಣ ಹಕ್ಕಿನೊಂದಿಗೆ' ಎಂಬ ಮಾತು ಸಾಮಾನ್ಯ. ಹೆತ್ತವರ ಪಾಲಿಗೆ ಇದಕ್ಕಿಂತ ಅಪಾಯದ ಸಾಲು ಬೇರೊಂದಿಲ್ಲ ಎಂದು ನಮ್ಮ ಅಭಿಪ್ರಾಯ.

2007 ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯ 23 ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದಿದ್ದರೆ ಹೆತ್ತವರು ನ್ಯಾಯಮಂಡಳಿಗೆ ಹೋಗಿ ಪತ್ರವನ್ನು ರದ್ದುಪಡಿಸಬಹುದು. ನಮ್ಮ ರಾಜ್ಯದಲ್ಲಿ ಈ ಮಂಡಳಿಯ ಅಧಿಕಾರ ಸಹಾಯಕ ಆಯುಕ್ತರಿಗಿದೆ. ಆದರೆ ಷರತ್ತು ಇತ್ತೆಂದು ತೋರಿಸಬೇಕು. 2022 ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. 2025 ರ ಜನವರಿಯಲ್ಲಿ ಅದೇ ನ್ಯಾಯಾಲಯ ಈ ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಹೇಳಿದ್ದರೂ, ಆ ಪ್ರಕರಣದಲ್ಲಿ ತಾಯಿಯನ್ನು ನೋಡಿಕೊಳ್ಳುವ ಮಾತು ಬರಹದಲ್ಲಿ ಇತ್ತು. 'ನನ್ನ ಜೀವಮಾನ ಪರ್ಯಂತ ಈ ಮನೆಯಲ್ಲಿ ವಾಸಿಸುವ ಹಕ್ಕು ನನಗಿದೆ. ಊಟ, ಔಷಧಿ, ಆರೈಕೆ ಮಗನ ಜವಾಬ್ದಾರಿ' ಎಂಬ ಎರಡು ಸಾಲನ್ನು ದಾನಪತ್ರದಲ್ಲೇ ಸೇರಿಸಿರಿ ಎಂದು ಪತ್ರ ಬರಹಗಾರರಿಗೆ ಹೇಳಿದರೆ ಅವರು ಸೇರಿಸುತ್ತಾರೆ. ಮಗನ ಮೇಲೆ ನಂಬಿಕೆಯಿಲ್ಲವೇ ಎಂದು ಯಾರಾದರೂ ಕೇಳಿಯಾರು. ನಂಬಿಕೆಯಿರುವ ಮಗನಿಗೆ ಈ ಸಾಲಿನಿಂದ ನಷ್ಟವೇನೂ ಇಲ್ಲ.

ಜಾಗದ ದಾನಪತ್ರ, ಪಾಲುಪಟ್ಟಿ, ಹಕ್ಕು ಖುಲಾಸೆ ಪತ್ರಗಳಿಗೆ ನೋಂದಣಿ ಅಗತ್ಯ. 2023 ರಲ್ಲಿ ಬಂದ ಕಾವೇರಿ 2.0 ವ್ಯವಸ್ಥೆಯಲ್ಲಿ ಸಾರ್ವಜನಿಕರು ತಾವೇ ವಿವರ ತುಂಬಿಸಿ ಕರಡು ಸಲ್ಲಿಸಬಹುದು, ಕಾನೂನಿನಲ್ಲಿ ಅಡ್ಡಿಯಿಲ್ಲ. ಆದರೂ ಜಾಗದ ಪತ್ರಗಳಿಗೆ ಪರವಾನಗಿ ಇರುವ ಪತ್ರ ಬರಹಗಾರರ ಅಥವಾ ವಕೀಲರ ಶುಲ್ಕ ಉಳಿಸಲು ಹೋಗಬಾರದು. ಒಂದು ಗಡಿ ತಪ್ಪಿದರೆ ತಿದ್ದುಪಡಿ ಪತ್ರಕ್ಕೆ ಎಲ್ಲರೂ ಮತ್ತೆ ಬಂದು ಸಹಿ ಹಾಕಬೇಕು, ಕುವೈಟಿನಲ್ಲಿರುವವರೂ ಸಹ.

ಧರ್ಮಕೇಂದ್ರ, ಧರ್ಮಗುರು, ಧರ್ಮಭಗಿನಿ

ಧರ್ಮಸಭೆಗೆ ಅಥವಾ ಅನಾಥಾಶ್ರಮಕ್ಕೆ ವೀಲಿನಲ್ಲಿ ಏನನ್ನಾದರೂ ಕೊಡಬೇಕಾದರೆ ಹನ್ನೆರಡು ತಿಂಗಳು ಮೊದಲೇ ಬರೆದು ಸರ್ಕಾರಿ ಕಚೇರಿಯಲ್ಲಿ ಇಡಬೇಕು ಎಂದು ಹಿರಿಯರು ಹೇಳುವುದನ್ನು ಕೇಳಿರಬಹುದು. ಹತ್ತಿರದ ಸಂಬಂಧಿಕರಿರುವ ಕ್ರೈಸ್ತರಿಗೆ ಮಾತ್ರ ಇದ್ದ ಈ ನಿರ್ಬಂಧ 118 ನೇ ಕಲಮಿನದ್ದು. ಕೇರಳದ ಧರ್ಮಗುರುವೊಬ್ಬರು ಹೂಡಿದ ಜೋನ್ ವಲ್ಲಮಟ್ಟಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2003 ರ ಜುಲೈಯಲ್ಲಿ ಅದನ್ನು ಸಂವಿಧಾನಬಾಹಿರವೆಂದು ರದ್ದುಗೊಳಿಸಿತು. ಹಳೆಯ ಪುಸ್ತಕಗಳಿಂದ ನಕಲು ಮಾಡಿದ ನಮೂನೆಗಳಲ್ಲಿ ಅದು ಕಾಣಿಸಿದರೆ ಹೆದರಬೇಕಾಗಿಲ್ಲ. ಆದರೆ 'ನಮ್ಮ ಇಗರ್ಜಿಗೆ' ಎಂದಷ್ಟೇ ಬರೆಯಬೇಡಿ. ಆಸ್ತಿ ಯಾವ ಹೆಸರಿನಲ್ಲಿ ದಾಖಲಾಗಬೇಕೆಂದು ಧರ್ಮಪ್ರಾಂತ್ಯದ ಕಚೇರಿಯಲ್ಲಿ ವಿಚಾರಿಸಿ ಅದೇ ಹೆಸರನ್ನು ಬರೆಯಿರಿ. ಯಾವ ಉದ್ದೇಶಕ್ಕೆಂದೂ ಸ್ಪಷ್ಟವಿರಲಿ.

1983 ರ ಧರ್ಮಸಭೆಯ ಕಾನೂನು ಸಂಹಿತೆಯೂ ಈ ಬಗ್ಗೆ ಮಾತನಾಡುತ್ತದೆ. ಧರ್ಮಸಭೆಯ ಒಳಿತಿಗಾಗಿ ಮಾಡುವ ವೀಲಿನಲ್ಲಿ ಸಾಧ್ಯವಾದರೆ ನಾಡಿನ ಕಾನೂನಿನ ಕ್ರಮಗಳನ್ನು ಪಾಲಿಸಬೇಕು. ಪಾಲಿಸದೆ ಹೋಗಿದ್ದರೆ ಸತ್ತವರ ಇಚ್ಛೆಯನ್ನು ನೆರವೇರಿಸುವ ಹೊಣೆಯನ್ನು ವಾರಸುದಾರರಿಗೆ ನೆನಪಿಸಬೇಕು ಎಂದು 1299 ನೇ ವಿಧಿ ಹೇಳುತ್ತದೆ. ಸಂನ್ಯಾಸ ಸಭೆಗಳ ಸದಸ್ಯರು ನಿತ್ಯ ವ್ರತಗಳನ್ನು ಕೈಗೊಳ್ಳುವ ಮೊದಲು ನಾಡಿನ ಕಾನೂನಿನಲ್ಲೂ ಸಿಂಧುವಾಗುವ ವೀಲು ಮಾಡಬೇಕೆಂದು 668 ನೇ ವಿಧಿ ಆದೇಶಿಸುತ್ತದೆ. ಕೆಲವೆಡೆ ಇದಕ್ಕೊಂದು ಅಚ್ಚಾದ ಹಾಳೆಗೆ ಸಹಿ ಹಾಕಿಸಿ ಕಡತದಲ್ಲಿಡುವ ರೂಢಿಯಿದೆ. ಆ ಹಾಳೆಯಲ್ಲಿ ಇಬ್ಬರು ಸಾಕ್ಷಿಗಳ ಸಹಿ ಕ್ರಮಪ್ರಕಾರ ಇದೆಯೇ ಎಂದು ಮುಖ್ಯಸ್ಥರು ಒಮ್ಮೆ ಪರಿಶೀಲಿಸುವುದು ಒಳ್ಳೆಯದು. ಧರ್ಮಭಗಿನಿಗೆ ತಂದೆಯ ಆಸ್ತಿಯಲ್ಲಿ ಕಾನೂನಿನ ಪಾಲು ಇದ್ದೇ ಇರುವುದರಿಂದ, ಮನೆಯವರು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಕೇಳಲು ಕಾನ್ವೆಂಟಿಗೆ ಬರುವುದು ಸಾಮಾನ್ಯ. ಅವರೂ ಓದಿ ಸಹಿ ಹಾಕಲಿ.

ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಹೋದ ಧರ್ಮಗುರುಗಳನ್ನು ಅಲ್ಲಿಯೇ ವೀಲಿಗೆ ಸಾಕ್ಷಿ ಹಾಕುವಂತೆ ಕೇಳುವುದುಂಟು. ಕಾನೂನಿನಲ್ಲಿ ಅಡ್ಡಿಯಿಲ್ಲ. ಆದರೆ ವೀಲಿನ ಬಗ್ಗೆ ವಿವಾದ ಎದ್ದರೆ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು, ಮತ್ತು ಧರ್ಮಗುರುಗಳಿಗೆ ವರ್ಗಾವಣೆ ಇದ್ದೇ ಇದೆ. ವೀಲಿನಲ್ಲಿ ಧರ್ಮಕೇಂದ್ರಕ್ಕೂ ಏನಾದರೂ ಬರೆದಿದ್ದರೆ ಧರ್ಮಗುರುಗಳು ಸಾಕ್ಷಿ ಹಾಕದಿರುವುದೇ ಲೇಸು. ವೀಲು ಮಾಡುವವರಿಗಿಂತ ಚಿಕ್ಕ ವಯಸ್ಸಿನ, ಊರಿನಲ್ಲೇ ನೆಲೆಸಿರುವ, ಪಾಲು ಪಡೆಯದ ಇಬ್ಬರು ಸಾಕು. ಆಸ್ಪತ್ರೆಯಲ್ಲಿದ್ದರೆ ವೈದ್ಯರೊಬ್ಬರು ಸಾಕ್ಷಿಯಾಗುವುದು ಇನ್ನೂ ಒಳಿತು.

ನಮ್ಮ ಸಲಹೆ

ಒಂದೇ ಮನೆ, ಬ್ಯಾಂಕಿನ ಠೇವಣಿ, ಹೆಂಡತಿ ಮಕ್ಕಳಲ್ಲಿ ಒಮ್ಮತ. ಇಷ್ಟೇ ಇದ್ದರೆ ಮೇಲಿನ ಎಚ್ಚರಿಕೆಗಳೊಂದಿಗೆ ನಮೂನೆಯನ್ನು ನೋಡಿ ಸ್ವಂತ ಮಾತಿನಲ್ಲಿ ಬರೆದ ವೀಲು ಸಾಕಾಗುತ್ತದೆ. ಕೊನೆಗೆ 'ಇಲ್ಲಿ ಹೆಸರಿಸದ ಉಳಿದ ಎಲ್ಲ ಆಸ್ತಿ ಇಂಥವರಿಗೆ' ಎಂಬ ಸಾಲು ಮರೆಯಬೇಡಿ. ಠೇವಣಿಗೆ ನಾಮಿನಿ ಹಾಕಿದ್ದೇವೆ, ವೀಲು ಬೇಡ ಎನ್ನುವುದು ತಪ್ಪು. ನಾಮಿನಿಯು ಬ್ಯಾಂಕಿನಿಂದ ಹಣ ಪಡೆಯುವವರು, ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ. ಜಾಗ ಹಲವು ಕಡೆ ಇದ್ದರೆ, ಹೆಸರುಗಳು ತಾಳೆಯಾಗದಿದ್ದರೆ ಪತ್ರ ಬರಹಗಾರರ ಬಳಿ ಹೋಗಿ. ಡಿಕ್ಲರೇಶನ್ ಜಾಗ, ಎರಡನೇ ಮದುವೆ, ವಿದೇಶದ ಆಸ್ತಿ, ಬುದ್ಧಿಮಾಂದ್ಯ ಮಗು, ಯಾರನ್ನಾದರೂ ಪೂರ್ತಿ ಕೈಬಿಡುವ ಉದ್ದೇಶ, ಇವುಗಳಲ್ಲಿ ಒಂದಿದ್ದರೂ ವಕೀಲರು ಬೇಕು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ವಿಧವೆಯರ ಸಂಘಟನೆಗಳವರು ಇದನ್ನು ತಿಳಿಸಬಹುದು.

ಸಹಿಯಾದ ವೀಲಿನಲ್ಲಿ ಪೆನ್ನಿನಿಂದ ತಿದ್ದಬಾರದು. ತಿದ್ದಿದ ಭಾಗಕ್ಕೂ ವೀಲು ಮಾಡಿದವರ ಮತ್ತು ಸಾಕ್ಷಿಗಳ ಸಹಿ ಬೇಕು, ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ; ಹೊಸದಾಗಿ ಬರೆಯುವುದೇ ಸುಲಭ. ನೋಂದಣಿ ಮಾಡಿಸಿದರೆ ಕಳೆದುಹೋಗುವ ಭಯವಿಲ್ಲ. ನೋಂದಣಿ ಬೇಡವೆನ್ನುವವರು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಇಡಬಹುದು. ಒಳಗಿರುವುದನ್ನು ಅವರು ಬದುಕಿರುವ ತನಕ ಯಾರೂ ಓದುವುದಿಲ್ಲ. ಕಪಾಟಿನಲ್ಲಿ ಇಟ್ಟವರು ಎಲ್ಲಿಟ್ಟಿದ್ದೇವೆಂದು ಕನಿಷ್ಠ ಒಬ್ಬರಿಗೆ ಹೇಳಿರಬೇಕು. ಆ ಒಬ್ಬರು ಊರಿನಲ್ಲೇ ಇರುವವರಾಗಿರಲಿ.